ತಪ್ಪು ಹೊಲಿಗೆ

ಲೈಡನ್ ಪಟ್ಟಣದ ಹಿಂಗಾಲುವೆಯ ದಂಡೆಗೆ ನನ್ನ ಅಂಗಡಿ.
ಗಂಡ ಹಾಯ್ಬರ್ಟ್ ಬಿಟ್ಟುಹೋದದ್ದು
ಒಂದು ಒತ್ತುಮಣೆ, ಎರಡು ಸೂಜಿ, ಹತ್ತು ಕರುವಿನ ಚರ್ಮ,
ಮತ್ತೆ ಈ ಅಂಟಿನ ಮಡಕೆ. ಇದರ ವಾಸನೆಗೆ
ಪಕ್ಕದ ಮನೆಯವಳು ಕಿಟಕಿ ತೆರೆದದ್ದೇ ಇಲ್ಲ.

ಅಕ್ಷರ ನನಗೆ ಬಾರದು.
ಹಾಳೆಯ ಬುಡದಲ್ಲಿ ಅಚ್ಚಿನವರು ಇಡುವ ಗುರುತು ಬಲ್ಲೆ,
ಯಾವುದರ ಹಿಂದೆ ಯಾವುದು, ಅಷ್ಟೆ.
ಉಳಿದದ್ದು ಬೆರಳಿಗೆ ಗೊತ್ತು:
ದೇವರ ಹಾಡಿನ ಕಾಗದ ತೆಳು, ಕಾನೂನಿನದು ದಪ್ಪ,
ಗಿಡಮೂಲಿಕೆಯ ಪುಸ್ತಕಕ್ಕೆ ಬಣ್ಣ ತುಂಬಿದ ಹುಡುಗಿಯ
ಹೆಬ್ಬೆರಳ ಹಸಿರು ಅಂಚಿಗೆ ಇನ್ನೂ ಹತ್ತಿರುತ್ತದೆ.

ಪಂಡಿತರು ಬರುತ್ತಾರೆ.
ಒಬ್ಬರಿದ್ದಾಗ ಇನ್ನೊಬ್ಬರು ಬರುವುದಿಲ್ಲ.
ನಕ್ಷತ್ರ ಎಣಿಸುವ ಲಾಂಬರ್ಟ್ ಸಾಹೇಬರು
ಹೆಣ ಕೊಯ್ಯುವ ಕ್ವಿರೀನ್ ವೈದ್ಯರನ್ನು ಕಂಡರೆ
ಸೇತುವೆ ದಾಟಿ ಆಚೆ ದಂಡೆ ಹಿಡಿಯುತ್ತಾರೆ.
ಅವರ ಪುಸ್ತಕಗಳು ಮಾತ್ರ ಇಡೀ ರಾತ್ರಿ
ನನ್ನ ಒತ್ತುಮಣೆಯಡಿ
ಒಂದರ ಮೈಗೊಂದು ಒತ್ತಿಕೊಂಡು ಮಲಗುತ್ತವೆ.
ಹಸಿ ಮಸಿ ಒಮ್ಮೊಮ್ಮೆ ಆಚೆಯಿಂದ ಈಚೆಗಿಳಿದು
ಶುಕ್ರಗ್ರಹದ ಹಾದಿ
ಯಾರದೋ ಮೂತ್ರಪಿಂಡದ ಮೇಲೆ ತಿರುಗುಮುರುಗಾಗಿ ಮೂಡಿರುತ್ತದೆ.
ಬ್ರೆಡ್ಡಿನ ತಿರುಳಿನಿಂದ ತಿಕ್ಕುತ್ತೇನೆ.
ಪೂರ್ತಿ ಹೋಗುವುದಿಲ್ಲ.

ಬೆನ್ನಿಗೆ ರದ್ದಿ ಬೇಕು.
ಹೋದ ವರ್ಷದ ಪಂಚಾಂಗ, ಹರಿದ ವ್ಯಾಕರಣ,
ಯಾವುದೋ ಹಡಗಿನ ಮೆಣಸಿನ ಲೆಕ್ಕ
ಪಟ್ಟಿ ಪಟ್ಟಿ ಕತ್ತರಿಸಿ, ಅಂಟು ಬಳಿದು
ತತ್ವಶಾಸ್ತ್ರದ ಬೆನ್ನೆಲುಬಿಗೆ ಮೆತ್ತುತ್ತೇನೆ.
ಯಾರಿಗೂ ಕಾಣದು.
ಮೆಣಸಿಲ್ಲದೆ ತತ್ವ ನೆಟ್ಟಗೆ ನಿಲ್ಲದು.

ಹೆರಿಂಗ್ ಮೀನಿನ ಪೀಪಾಯಿ ಬಂದಿಳಿದ ವಾರ
ಕ್ವಿರೀನ್ ವೈದ್ಯರ ಹೊಸ ಪುಸ್ತಕ ಬಂತು.
ಒಂದು ಹಾಳೆಯಲ್ಲಿ ತೋಳು. ಚರ್ಮ ಸುಲಿದದ್ದು.
ರಕ್ತನಾಳವನ್ನು ಬಟಾಣಿಕಾಯಿಯ ಹಾಗೆ
ಉದ್ದಕ್ಕೆ ಸೀಳಿ ಬಿಡಿಸಿಟ್ಟಿದ್ದರು.
ಒಳಗೆ ಅಲ್ಲಲ್ಲಿ ಪುಟ್ಟ ರೆಪ್ಪೆಗಳು, ಜೋಡಿ ಜೋಡಿ.

ಸೂಜಿ ನಿಂತಿತು.
ಇದು ನನಗೆ ಗೊತ್ತು.

ಅಪ್ಪ ತೂಬು ಕಾಯುವವನು.
ಕಡಲು ಏರಿದರೆ ನೀರೇ ನೂಕಿ ಮುಚ್ಚುವ ಕದ,
ಇಳಿದರೆ ನೀರೇ ತೆರೆಯುವ ಕದ.
'ಹೋಗುವ ನೀರಿಗೆ ದಾರಿ, ಬರುವ ನೀರಿಗೆ ಗೋಡೆ.
ಯಾರೂ ಮುಟ್ಟಬೇಕಿಲ್ಲ, ಮಗೂ' ಅನ್ನುತ್ತಿದ್ದ.
ಎಂಟು ವರ್ಷದವಳು ಆ ಮರಕ್ಕೆ ಕಿವಿಯಿಟ್ಟು
ಡಬ್, ಡಬ್, ಕೇಳಿದ್ದೇನೆ.

ಆ ದಿನ ಮೇಜಿನ ಮೇಲೆ ಇನ್ನೊಂದು ಕೆಲಸವಿತ್ತು:
ಕಡಲ ಒಡ್ಡು ನೋಡಿಕೊಳ್ಳುವ ಮಂಡಳಿಯವರದು.
ಗಾಳಿಗಿರಣಿ, ಕಾಲುವೆ, ತೂಬು,
ಅಪ್ಪನ ಅದೇ ಕದ, ಅಳತೆಯ ಸಮೇತ.
ದೀಪ ಸಣ್ಣದಿತ್ತು ಅಂತಲೇ ಇಟ್ಟುಕೊಳ್ಳಿ.

ತಿಂಗಳ ಮೇಲೆ ವೈದ್ಯರು ಬಂದರು,
ಕಾಲಲ್ಲೇ ಬಾಗಿಲು ತಳ್ಳಿಕೊಂಡು.
'ಏನಮ್ಮ ಇದು? ತೋಳಿನ ನಡುವೆ ತೂಬು!
ನಿನ್ನ ಕೂಲಿಯಲ್ಲಿ ಎರಡು ಸ್ಟೈವರ್ ಹಿಡಿಯುತ್ತೇನೆ.'
ಹೊಲಿಗೆ ಬಿಚ್ಚಲು ಚಾಕು ಎತ್ತಿಕೊಂಡೆ.
'ತಡಿ, ಎಲ್ಲಿ ಅಂತ ತೋರಿಸುತ್ತೇನೆ' ಎಂದು
ಹಾಳೆ ತಿರುವಿದರು. ತೋಳು.
ತಿರುವಿದರು. ತೂಬು.
ಮತ್ತೆ ಹಿಂದಕ್ಕೆ ತೋಳು.
ಕಾಲುವೆಯಲ್ಲಿ ಪೀಟ್ ಹೇರಿದ ದೋಣಿ ಬಂದು ದಾಟಿ ಹೋಯಿತು,
ಅವರ ಬೆರಳು ಆ ಎರಡರ ನಡುವಿನಿಂದ ಏಳಲಿಲ್ಲ.
ಆಮೇಲೆ ಕೈಗೆ ಸಿಕ್ಕ ಮಣೆಯೆಳೆದು ಕೂತರು.
ಅಂಟಿನ ಕುಂಚ ಅದರ ಮೇಲೇ ಇತ್ತು. ನಾನೂ ಹೇಳಲಿಲ್ಲ.

'ಇದರ ಉಳಿದ ಹಾಳೆಗಳು ಎಲ್ಲಿ?'

ಮಂಡಳಿಯವರ ಬಳಿ, ಅಂದೆ.
ಒಡ್ಡಿನ ಮೇಲೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು
ತಿರುಗುತ್ತಾರಲ್ಲ, ಅವರು. ಅವರನ್ನೇ ಕೇಳಿ.
ಟೋಪಿ ಮರೆತು ಹೊರಟೇಹೋದರು.
ಸೇತುವೆ ದಾಟಿದರೋ, ಈಚೆ ದಂಡೆಯಲ್ಲೇ ನಡೆದರೋ
ನಾನು ನೋಡಲಿಲ್ಲ.

ಎರಡು ಸ್ಟೈವರ್ ಮಾತ್ರ ಹಿಡಿದೇ ಬಿಟ್ಟರು.

ಮಂಡಳಿಯ ಪುಸ್ತಕದಲ್ಲಿ, ತೂಬಿರಬೇಕಾದ ಕಡೆ
ಒಂದು ತೋಳಿದೆ.
ಅವರು ಇನ್ನೂ ಬೈಯಲು ಬಂದಿಲ್ಲ.
ಮಣೆ ಒರೆಸಿಟ್ಟಿದ್ದೇನೆ.